ಬಾಡಿಗೆಯ ಮನೆ



ಅಪೊಸ್ತಲನಾದ ಪೌಲನು ರೋಮಾಪುರದಲ್ಲಿ ಎರಡು ವರುಷಗಳ ಕಾಲ ಬಾಡಿಗೆ ತೆತ್ತು ವಾಸಮಾಡಿದನೆಂಬದನ್ನು ನಾವು ಬಲ್ಲೆವು. ಕಾವಲಿನ ಸಿಪಾಯಿಯು ಸಂಗಡ ಇದ್ದಾಗ್ಯೂ ಆ ಮನೆಯ ಬಾಗಿಲು ಬಂದವರಿಗೆ ಮುಚ್ಚಲಿಲ್ಲ. ಆದಕಾರಣ ಬಾಡಿಗೆಯ ಮನೆಯಲ್ಲಿರುವದು ಹೀನವೆಂದು ನಮ್ಮಲ್ಲಿ ಯಾರೂ ಎಣಿಸಬಾರದು.

ಕೂಲಿಗಾಗಿಯೂ ಮಕ್ಕಳ ಓದಿಗಾಗಿಯೂ ಹಳ್ಳಿಯನ್ನು ಬಿಟ್ಟು ತಾಲೂಕಿನ ಪಟ್ಟಣಕ್ಕೆ ಹೋಗುವವರಿಗೆ ಮೊದಲನೆಯ ಕಷ್ಟವು ಮನೆಯೇ. ಅಗ್ಗದ ಮನೆಯ ಸುದ್ದಿಯು ಹೆಚ್ಚಾಗಿ ಕಿರಾಣಿ ಅಂಗಡಿಯಲ್ಲಿಯೂ ಹಿಟ್ಟಿನ ಗಿರಣಿಯಲ್ಲಿಯೂ ಸಿಕ್ಕುವದು, ಅಲ್ಲಿ ವಿಚಾರಿಸಿರಿ. ಊರ ಹೊರಗಿನ ಮನೆಗೆ ಬಾಡಿಗೆ ಕಡಿಮೆ. ಆದರೆ ದಿನದಿನದ ಬಸ್ಸಿನ ಖರ್ಚನ್ನು ಅದಕ್ಕೆ ಕೂಡಿಸಿ ನೋಡಿರಿ. ಗೋಪುರವನ್ನು ಕಟ್ಟುವವನು ಮೊದಲು ಕೂತು ಲೆಕ್ಕಮಾಡಬೇಕೆಂದು ಕರ್ತನು ಕಲಿಸಿದನಲ್ಲವೇ?

ಬಾಯಿಮಾತನ್ನು ನಂಬಿ ಮುಂಗಡ ಕೊಡಬೇಡಿರಿ. ಒಂದು ವರುಷಕ್ಕೆ ಮೀರಿದ ಬಾಡಿಗೆ ಪತ್ರವನ್ನು 1908ರ ನೋಂದಣಿ ಕಾಯಿದೆಯ ಪ್ರಕಾರ ನೋಂದಾಯಿಸತಕ್ಕದ್ದು. ಆದದರಿಂದಲೇ 11 ತಿಂಗಳ ಕರಾರು ವಾಡಿಕೆಯಾಗಿದೆ. ಅದರಲ್ಲಿ ಮುಂಗಡ, ಬಾಡಿಗೆ, ನೀರಿನ ಹಣ, ಮನೆ ಬಿಡುವಾಗಿನ ಮುನ್ಸೂಚನೆ ಇವೆಲ್ಲವನ್ನು ಬರೆಯಿಸಿ, ಕೊಟ್ಟ ಹಣಕ್ಕೆ ರಸೀತಿ ತೆಗೆದುಕೊಳ್ಳಿರಿ. 2023ರಲ್ಲಿ ಕರ್ನಾಟಕ ಸರಕಾರವು ಆರಂಭಿಸಿದ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆಯವರನ್ನೂ ಸೇರಿಸಲಾಯಿತು. ಇದನ್ನೂ ಕೇಳಿ ತಿಳಿಯಿರಿ. ಭೋಗ್ಯಕ್ಕೆ ಮನೆ ಹಿಡಿಯುವವರು ಇನ್ನೂ ಜಾಗ್ರತೆಯಾಗಿರಬೇಕು. ಯಾಕಂದರೆ ಆ ಮನೆಯು ಮೊದಲೇ ಬ್ಯಾಂಕಿಗೆ ಒತ್ತೆಯಾಗಿದ್ದು ಹರಾಜಿಗೆ ಬಂದರೆ, ಹೊಲ ಮಾರಿ ಕೊಟ್ಟ ದುಡ್ಡು ಹಿಂದಿರುಗುವದು ದುರ್ಲಭ.

ಆದರೆ ಹಣಕ್ಕಿಂತ ಕಠಿಣವಾದ ಶೋಧನೆ ಒಂದುಂಟು. ಬಾಗಿಲಲ್ಲಿ ನಿಂತವನಿಗೆ, “ನೀವು ಯಾವ ಜನ?” ಎಂಬ ಪ್ರಶ್ನೆ ಬರುತ್ತದೆ. ಉತ್ತರವನ್ನು ಕೇಳಿದ ಕೂಡಲೆ, ಖಾಲಿಯಿದ್ದ ಮನೆಯು ಬೇರೆಯವರಿಗೆ ಗೊತ್ತಾಗಿದೆ ಎಂದು ಹೇಳಿಬಿಡುತ್ತಾರೆ. ಹೀಗೆ ಮೂರು ಬಾಗಿಲು ತಿರುಗಿದವನಿಗೆ ನಾಲ್ಕನೆಯದರಲ್ಲಿ ಹೆಸರು ಬದಲಿಸಿ ಹೇಳುವ ಮನಸ್ಸು ಹುಟ್ಟುವದು. ಪ್ರಿಯರೇ, ಸುಳ್ಳಿನ ಮೇಲೆ ನಿಂತ ಮನೆಯಲ್ಲಿ ಭಯವೂ ಒಕ್ಕಲಿರುವದು. ಮಕ್ಕಳು ಸಹ ಆ ಸುಳ್ಳನ್ನು ಕಾಯಬೇಕಾಗುವದು. ಸತ್ಯವನ್ನೇ ನುಡಿಯಿರಿ.

ಆದರೂ ಇಷ್ಟನ್ನು ಹೇಳಿ ಸುಮ್ಮನಿರುವ ಸಭೆಯು ತನ್ನ ಭಾರವನ್ನು ಬಡವನ ತಲೆಯ ಮೇಲೆ ಹೊರಿಸಿದಂತಾಯಿತು. ಮನೆ ಹುಡುಕುವವನ ಸಂಗಡ ಸಭೆಯ ಹಿರಿಯನೊಬ್ಬನು ಹೋಗಲಿ. ಇವನ ನಡತೆಗೆ ನಾನು ಸಾಕ್ಷಿಯೆಂದು ಹೇಳಲಿ. ಮುಂಗಡಕ್ಕೆ ಸಾಲದ ಹಣವನ್ನು ಕೈಗಡವಾಗಿ ಕೊಡಲಿ. ಪಟ್ಟಣದಲ್ಲಿ ಹಿತ್ತಲ ಕೋಣೆಯುಳ್ಳವರು ಅದನ್ನು ನ್ಯಾಯವಾದ ಬಾಡಿಗೆಗೆ ಬಿಡಲಿ. ನಮ್ಮವರಲ್ಲಿಯೂ ಮನೆಯ ಯಜಮಾನರಾದ ಬಳಿಕ ಅದೇ ಪ್ರಶ್ನೆಯನ್ನು ಮೆಲ್ಲಗೆ ಕೇಳುವವರು ಇದ್ದಾರೆ. ಅಂಥವರು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಲಿ.

ನಮ್ಮ ರಕ್ಷಕನು ಹುಟ್ಟಿದಾಗ ಸತ್ರದಲ್ಲಿ ಸ್ಥಳ ದೊರೆಯಲಿಲ್ಲ. ಇಂದು ಗಂಟುಮೂಟೆಯೊಡನೆ ನಮ್ಮ ಬಾಗಿಲಿಗೆ ಬರುವ ಕುಟುಂಬಕ್ಕೆ ನಾವು ಏನು ಉತ್ತರ ಕೊಡುವೆವು? ಆ ಉತ್ತರವನ್ನು ಕರ್ತನೂ ಕೇಳುತ್ತಾನೆ. ಆಮೆನ್.