ಹರಕೆ ಹೊತ್ತವರು, ಉಳಿದವರು

ನನ್ನ ಅಕ್ಕ ಬದುಕಿದ್ದು ಚಂದ್ರಗುತ್ತಿ ಅಮ್ಮನ ದಯೆಯಿಂದ ಎಂಬುದು ಸೊರಬದ ನಮ್ಮ ಭಾವನವರ ಗಟ್ಟಿ ನಂಬಿಕೆ. ಮಗನ ಕೊಡಲಿಗೆ ತಲೆಕೊಟ್ಟು ಮತ್ತೆ ಜೀವ ಪಡೆದ ರೇಣುಕೆಗಲ್ಲದೆ ತಲೆಯ ಸಂಕಟ ಇನ್ಯಾರಿಗೆ ಗೊತ್ತು ಎನ್ನುತ್ತಾರೆ. ಚೆಂದದ ಮಾತು. ಒಪ್ಪಲು ಒಂದು ತೊಡಕಿದೆ.

ಅಕ್ಕನ ಮಿದುಳಿನ ರಕ್ತನಾಳಗಳು ಮೂರು ಕಡೆ ಸವೆದ ಸೈಕಲ್ ಟ್ಯೂಬಿನಂತೆ ಉಬ್ಬಿದ್ದವು. ಡಾಕ್ಟರು ಅನ್ಯೂರಿಸಂ ಎಂದರು. ನೂರು ವಯಸ್ಕರಲ್ಲಿ ಸುಮಾರು 3 ಜನರಿಗೆ ಇದು ಇರುತ್ತದೆ. ಅವರಲ್ಲಿ ನಾಲ್ಕೈದು ಮಂದಿಗೊಬ್ಬರಿಗೆ ಒಂದಕ್ಕಿಂತ ಹೆಚ್ಚು. ಬಹುಪಾಲು ಒಡೆಯುವುದೇ ಇಲ್ಲ. ಅಕ್ಕನದೊಂದು ಒಡೆಯಿತು. 1937ರಿಂದ ದಶಕಗಳ ಕಾಲ ಬುರುಡೆ ತೆರೆದು ಕ್ಲಿಪ್ ಹಾಕುವುದೇ ಮುಖ್ಯ ದಾರಿಯಾಗಿತ್ತು. 1990ರ ದಶಕದಲ್ಲಿ ಬಂದ ವಿಧಾನದಂತೆ, ಬೆಂಗಳೂರಿನಲ್ಲಿ ಅಕ್ಕನ ತೊಡೆಸಂದಿನ ರಕ್ತನಾಳದಿಂದ ಸಣ್ಣ ನಳಿಕೆ ಏರಿಸಿ, ಉಬ್ಬಿನೊಳಗೆ ಪ್ಲಾಟಿನಂ ತಂತಿಯ ಸುರುಳಿ ತುಂಬಿದರು. ಎರಡನೆಯದಕ್ಕೂ ಹಾಗೇ ಮಾಡಿದರು. ಮೂರನೆಯದು ತೀರಾ ಚಿಕ್ಕದು, ಮುಟ್ಟುವುದೇ ಹೆಚ್ಚು ಅಪಾಯವೆಂದು ಬಿಟ್ಟರು.

ಶಿಕಾರಿಪುರದ ನಮ್ಮ ಬೀದಿಯಲ್ಲಿ ಇದೇ ಕಾಯಿಲೆಗೆ ಮಗನನ್ನು ಕಳೆದುಕೊಂಡ ತಾಯಿಯೊಬ್ಬರಿದ್ದಾರೆ. ತಲೆನೋವೆಂದು ಮಾತ್ರೆ ನುಂಗಿ ಮಲಗಿದ ಹುಡುಗ ಏಳಲಿಲ್ಲ. ಶನಿವಾರ ತಪ್ಪದೆ ಹುಚ್ಚರಾಯಸ್ವಾಮಿ ಗುಡಿಗೆ ಹೋಗುವ ಆಕೆ ನನ್ನನ್ನು ಕೇಳಿದರು: “ಮೇಷ್ಟ್ರೇ, ನಾನೇನು ಕಡಿಮೆ ಪೂಜೆ ಮಾಡಿದ್ದೆ?”

ಭಾವನವರ ಮಾತು ನಿಜವಾದರೆ ಈ ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತದೆ. ಕರ್ಮವೆಂದು ಬಾಯಿ ಮುಚ್ಚಿಸಬಹುದು. ಸತ್ತ ಹುಡುಗನ ತಲೆಗೆ ಕಾಣದ ಜನ್ಮದ ತಪ್ಪು ಕಟ್ಟಲು ನಾನ್ಯಾರು? ಉಬ್ಬು ಒಡೆದ ರಾತ್ರಿಯೇ ಅಕ್ಕನನ್ನು ಶಿವಮೊಗ್ಗಕ್ಕೆ ಒಯ್ದರು, ಹುಡುಗನನ್ನು ಒಯ್ಯಲಿಲ್ಲ. ನನ್ನ ಕಣ್ಣಿಗೆ ಕಾಣುವ ವ್ಯತ್ಯಾಸ ಅಷ್ಟೇ. ಬೇಗ ಹೋಗಿಯೂ ಉಳಿಯದವರಿದ್ದಾರೆ, ಅದಕ್ಕೆ ನನ್ನಲ್ಲಿ ಲೆಕ್ಕವಿಲ್ಲ. ಬದುಕಿದವರು ಕೃಪೆಯೆಂದು ಕೈಮುಗಿಯಲಿ. ಅದನ್ನೇ ಕಾರಣವೆಂದು ಸಾಧಿಸಹೊರಟರೆ ಆ ತಾಯಿಯ ಭಕ್ತಿಗೆ ಕಳಂಕ ಹಚ್ಚಿದಂತೆ.

ಅಕ್ಕ ಇದನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಅರಿತಿದ್ದಾಳೆ. ಉಳಿದ ಆ ಒಂದು ಉಬ್ಬನ್ನು ತಲೆಯಲ್ಲಿಟ್ಟುಕೊಂಡೇ ಬಿಪಿ ಮಾತ್ರೆ ತಪ್ಪಿಸದೆ ನುಂಗುತ್ತಾಳೆ, ಡಾಕ್ಟರು ಹೇಳಿದಾಗ ಸ್ಕ್ಯಾನಿಗೆ ಹೋಗುತ್ತಾಳೆ, ಸಂಜೆ ಅಮ್ಮನಿಗೆ ದೀಪ ಹಚ್ಚುತ್ತಾಳೆ. ತನ್ನ ಕೈಲಾದದ್ದನ್ನು ಮಾಡಿ ಮುಗಿಸಿದ ಮೇಲೆ ಉಳಿಯುವ ಭಯವನ್ನಷ್ಟೇ ದೇವರ ಮುಂದಿಡುವುದು ಅವಳ ಭಕ್ತಿ. ನನಗೂ ಅದೇ ಸರಿ ಎನ್ನಿಸಿದೆ.

ಮನೆಯಲ್ಲಿ ಯಾರಿಗಾದರೂ ಹಿಂದೆಂದೂ ಕಾಣದಂಥ ತಲೆನೋವು ಒಮ್ಮೆಲೇ ಎರಗಿದರೆ, ಮೊದಲು ಗಾಡಿ ಹತ್ತಿಸಿ ದೊಡ್ಡಾಸ್ಪತ್ರೆಗೆ ಹೊರಡಿ. ಹರಕೆಯನ್ನು ದಾರಿಯಲ್ಲಿ ಹೊತ್ತುಕೊಳ್ಳಬಹುದು.