ಇಚ್ಛಾಪರಿಮಾಣವೂ ಮನೆಯ ಆಯವ್ಯಯವೂ



ಶ್ರಾವಕನ ಐದು ಅಣುವ್ರತಗಳಲ್ಲಿ ಕಡೆಯದು ಪರಿಗ್ರಹ ಪರಿಮಾಣ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಹೇಳಿರುವರು. ವ್ರತದ ಮರ್ಮವು ಆ ಹೆಸರಿನಲ್ಲಿಯೇ ಅಡಗಿದೆ. ಪೆಟ್ಟಿಗೆಯ ಧನಕ್ಕಿಂತ ಮೊದಲು ಮನದ ಬಯಕೆಯು ಅಳತೆಗೆ ಒಳಪಡಬೇಕು. ಅಳೆಯದೆ ಮಿತಿಯಿಲ್ಲ, ಬರೆದಿಡದೆ ಅಳತೆ ನಿಲ್ಲದು. ಆದುದರಿಂದ ತಿಂಗಳ ಮೊದಲಲ್ಲಿ ಗೃಹಸ್ಥನು ಬರೆದಿಡುವ ಆಯವ್ಯಯದ ಅಂದಾಜು ವ್ರತಪಾಲನೆಗೆ ಸಾಧನವಾಗುತ್ತದೆ.

ಒಮ್ಮೆ ಬಳಸಿದೊಡನೆ ಮುಗಿಯುವ ಅನ್ನಾದಿಗಳು ಭೋಗ. ಮತ್ತೆ ಮತ್ತೆ ಬಳಸುವ ವಸ್ತ್ರಾಭರಣಾದಿಗಳು ಉಪಭೋಗ. ಇವುಗಳನ್ನು ಜೀವನಪರ್ಯಂತ ಬಿಡುವುದು ಯಮ. ದಿನ, ಪಕ್ಷ, ಮಾಸ, ಋತುವೆಂದು ಕಾಲವನ್ನು ಗೊತ್ತುಮಾಡಿ ಬಿಡುವುದು ನಿಯಮ. "ಈ ತಿಂಗಳು ಬಟ್ಟೆಗೆ ಇಷ್ಟೇ, ಇದನ್ನು ಮೀರೆನು" ಎಂದು ಬರೆದವನು ಮಾಸದ ನಿಯಮವನ್ನೇ ಕೈಕೊಂಡಂತಾಯಿತು.

ಒಂದು ಮನೆಗೆ ತಿಂಗಳಿಗೆ 30,000 ರೂಪಾಯಿ ಬರುವುದೆಂದು ಭಾವಿಸೋಣ. ಮೊದಲು ದಾನಕ್ಕೆಂದು 1,500 ಬರೆಯಲಿ. ಉಳಿದುದರಲ್ಲಿ ಕೊಡುವೆನೆಂದವನಿಗೆ ಉಳಿಯುವುದೇ ಇಲ್ಲ. ಬಾಡಿಗೆ 7,000, ದವಸಧಾನ್ಯ ಹಾಲು 9,000, ಮಕ್ಕಳ ವಿದ್ಯೆ 4,000, ವಿದ್ಯುತ್ತು ಮತ್ತು ಪ್ರಯಾಣ 3,000, ಔಷಧ 1,500. ಉಳಿತಾಯ 4,000. ಉಳಿತಾಯವೂ ಪರಿಗ್ರಹವಲ್ಲವೇ ಎಂದು ಕೆಲವರು ಕೇಳುವರು. ಹೌದು, ಪರಿಗ್ರಹವೇ. ಆದರೆ ರೋಗ ಮುಪ್ಪುಗಳಿಗೆ ಬೇಕಾದಷ್ಟನ್ನು ತಾನು ಗೊತ್ತುಮಾಡಿದ ಮಿತಿಯೊಳಗೆ ಇಟ್ಟುಕೊಳ್ಳುವುದು ಅಣುವ್ರತಿಗೆ ದೋಷವಲ್ಲ. ಮಿತಿ ತುಂಬಿದ ಬಳಿಕ ಬಂದುದು ಆಹಾರ, ಔಷಧ, ಶಾಸ್ತ್ರ, ಅಭಯ ದಾನಗಳಿಗೆ ಸಲ್ಲಬೇಕು.

ಇನ್ನು ಸಂಕೋಚವಿಲ್ಲದೆ ಹೇಳಬೇಕಾದ ಮಾತೊಂದಿದೆ. ಗೃಹಿಣಿಯು ವರ್ಷಗಟ್ಟಲೆ ನೋಂಪಿಯನ್ನು ಭಕ್ತಿಯಿಂದ ನಡೆಸುತ್ತಾಳೆ. ಉದ್ಯಾಪನೆಯ ಸಮಯ ಬಂದಾಗ ನೆಂಟರು ಏನೆಂದಾರೋ ಎಂಬ ಅಳುಕಿನಿಂದ ಮನೆಯವರು 60,000 ಸಾಲ ತರುತ್ತಾರೆ. ಮೇಲಿನ ಲೆಕ್ಕದಲ್ಲಿ ಇದು 15 ತಿಂಗಳ ಉಳಿತಾಯ, ಬಡ್ಡಿ ಬೇರೆ. ಹಸಿವನ್ನು ಗೆದ್ದ ಮನೆಯು ಮಾನಕಷಾಯಕ್ಕೆ ಸೋತಿತು. ಸಾಲಿಗನ ಮುಖ ನೆನೆದು ನಡುಗುವ ಚಿತ್ತದಲ್ಲಿ ಸಾಮಾಯಿಕವೆಲ್ಲಿ ನೆಲೆಗೊಳ್ಳುವುದು? ಉದ್ಯಾಪನೆಗೆ ಶಕ್ತಿಯಿಲ್ಲದವರು ವ್ರತವನ್ನು ಇಮ್ಮಡಿ ಕಾಲ ಆಚರಿಸಬೇಕೆಂದು ನಮ್ಮ ವ್ರತವಿಧಿಗಳೇ ದಾರಿ ತೋರಿವೆ. ಬಡವನ ವ್ರತವು ಹಣವಿಲ್ಲದೆಯೂ ಪೂರ್ಣವಾಗುವುದು. ಸಾಲವನ್ನು ಯಾವ ವಿಧಿಯೂ ಕೇಳಿಲ್ಲ.

ಆದುದರಿಂದ ಬರುವ ಮಾಸದ ಮೊದಲ ದಿನ ದೇವಪೂಜೆ ಮುಗಿದ ಬಳಿಕ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಅಂದಾಜನ್ನು ಬರೆಯಿರಿ. ಯಜಮಾನನೊಬ್ಬನೇ ಬರೆದರೆ ಅದು ಅಪ್ಪಣೆಯಾದೀತು. ಎಲ್ಲರೂ ಒಪ್ಪಿದರೆ ನಿಯಮವಾದೀತು. ಮಕ್ಕಳೂ ಕೇಳಲಿ. ತಿಂಗಳ ಕೊನೆಯಲ್ಲಿ ಮೀರಿದ ಬಾಬನ್ನು ಗುರುತಿಸಿ, ಯಾವ ಬಯಕೆಯಿಂದ ಮೀರಿತೆಂದು ವಿಚಾರಿಸಿ, ಮುಂದಿನ ತಿಂಗಳು ತಿದ್ದಿಕೊಳ್ಳಿ. ಗೃಹಸ್ಥನಿಗೆ ಅದೂ ಒಂದು ಪ್ರತಿಕ್ರಮಣವೇ. ಹೀಗೆ ಬಯಕೆಯು ದಿನೇ ದಿನೇ ಕುಗ್ಗಿ, ಸಂತೋಷವೆಂಬ ಅಕ್ಷಯಧನವು ನಿಮ್ಮೆಲ್ಲರ ಮನೆಗಳಲ್ಲಿ ನೆಲೆಸಲಿ.