ಸುಮ್ಮನಾದ ಮಗು ಗುಣವಾಯಿತೇ?

ಆಂಧ್ರದ ಬೆಳುಗುಪ್ಪ ಸೀಮೆಯಲ್ಲಿ ಮಳೆ ಕೈಕೊಟ್ಟು, ಶೇಂಗಾ ಒಣಗಿ, ಸಾಲಕ್ಕೆ ಸಿಕ್ಕಿದ ರೈತ ಜೀವ ಕಳೆದುಕೊಂಡರೆ ಸರ್ಕಾರದ ಬಳಿ ಅದಕ್ಕೊಂದು ಲೆಕ್ಕವಿದೆ. 2004ರಲ್ಲಿ ಆಂಧ್ರ ಸರ್ಕಾರ ಹೊರಡಿಸಿದ 421ನೇ ಆದೇಶದ (ಜಿ.ಒ.) ಪ್ರಕಾರ ಅಧಿಕಾರಿಗಳು ಬಂದು ವಿಚಾರಿಸುತ್ತಿದ್ದರು. ಸಾವು ಬೇಸಾಯದ ಸಾಲದಿಂದಲೇ ಆದದ್ದೆಂದು ತೀರ್ಮಾನವಾದರೆ ಕುಟುಂಬಕ್ಕೆ ಒಂದೂವರೆ ಲಕ್ಷ ರೂಪಾಯಿ ಸಿಗುತ್ತಿತ್ತು. ಆ ಮನೆಯ ಮಗುವಿನ ಮನಸ್ಸು ಮಾತ್ರ ವಿಚಾರಣೆಯ ಹೊರಗೇ ಉಳಿಯಿತು.

ಅಂಥ ಮಗುವಿಗೆ ಆಪ್ತಸಮಾಲೋಚನೆ ಸಿಕ್ಕಿತೆನ್ನೋಣ. ಆರು ತಿಂಗಳಾದ ಮೇಲೆ ಕೇಳಿದರೆ ಮನೆಯವರ ಉತ್ತರ: "ಈಗ ಸುಮ್ನವ್ನೆ, ಇಸ್ಕೂಲಿಗೆ ಹೋಗ್ತಾನೆ." ಚಿಕಿತ್ಸೆ ಫಲಿಸಿತು ಎಂದು ಬರೆದುಕೊಳ್ಳುತ್ತಾರೆ. ನನ್ನ ತಕರಾರು ಇಲ್ಲಿದೆ. ಮಗು ಸುಮ್ಮನಾದರೆ ಮೊದಲು ನಿರಾಳವಾಗುವವರು ದೊಡ್ಡವರು. ಗಲಾಟೆ, ಹಟ ಅವರಿಗೆ ಕಾಣುತ್ತದೆ. ಒಳಗಿನ ಭಯ ಅಷ್ಟು ಕಾಣುವುದಿಲ್ಲ.

1976ರಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲಾ ಊರಿನಲ್ಲಿ 26 ಮಕ್ಕಳಿದ್ದ ಶಾಲಾ ಬಸ್ಸನ್ನು ಅಪಹರಿಸಿ, ಮಕ್ಕಳನ್ನು ನೆಲದಡಿ ಹೂತಿಟ್ಟರು. ಎಲ್ಲರೂ ಬದುಕಿ ಬಂದರು. ಮನೋವೈದ್ಯೆ ಲೆನೋರ್ ಟೆರ್ ನಾಲ್ಕು ವರ್ಷಗಳ ನಂತರ ನೋಡಿದಾಗ, ಅವರು ಪರೀಕ್ಷಿಸಿದ ಪ್ರತಿ ಮಗುವಿನಲ್ಲೂ ಆಘಾತದ ಗುರುತು ಉಳಿದಿತ್ತು. ನಡುವೆ ಕೊಟ್ಟ ಅಲ್ಪಾವಧಿ ಚಿಕಿತ್ಸೆ ಅದನ್ನು ತಡೆದಿರಲಿಲ್ಲ. ಹಾಗಾದರೆ ಆ ಚಿಕಿತ್ಸೆ ವ್ಯರ್ಥವೇ? ಹಾಗೆನ್ನಲೂ ಬರುವುದಿಲ್ಲ. ಚಿಕಿತ್ಸೆಯೇ ಇಲ್ಲದಿದ್ದರೆ ಆ ಮಕ್ಕಳು ಇನ್ನೂ ಕುಸಿಯುತ್ತಿದ್ದರೋ ಏನೋ; ಹೋಲಿಸಲು ಅಂಥದ್ದೇ ಆಘಾತವಾಗಿ ಚಿಕಿತ್ಸೆ ಸಿಗದ ಗುಂಪು ಇರಲಿಲ್ಲ.

ಅಲ್ಲಿ ಚಿಕಿತ್ಸೆಯ ಫಲ ಇದ್ದರೂ ಕಾಣದೆ ಹೋಗಿರಬಹುದು; ನಮ್ಮಲ್ಲಿ ಇದರ ತಿರುವುಮುರುವು ನಡೆಯುತ್ತದೆ. ಸಂಕಟ ಮಿತಿಮೀರಿದಾಗಲೇ ಮಗುವನ್ನು ಕರೆದೊಯ್ಯುತ್ತೇವೆ. ಅಲ್ಲಿಂದಾಚೆ ಹಲವು ಮಕ್ಕಳಲ್ಲಿ ಅದು ತಾನಾಗಿಯೂ ಒಂದಿಷ್ಟು ಇಳಿಯುತ್ತದೆ. ಕಪ್ಪೆ ಮದುವೆ ಮಾಡಿದ ವಾರಕ್ಕೆ ಮಳೆ ಬಂದರೆ ಪುಣ್ಯ ಕಪ್ಪೆಗೆ ಹೋಗುವ ಹಾಗೆ, ಆ ಇಳಿತವೂ ಚಿಕಿತ್ಸೆಯ ಖಾತೆಗೆ ಜಮೆಯಾಗುತ್ತದೆ.

ನಿಜ ತಿಳಿಯಲು ಚಿಕಿತ್ಸೆ ಪಡೆಯದ ಗುಂಪಿನೊಡನೆ ಹೋಲಿಸಬೇಕು. ಹೋಲಿಕೆಗೆಂದು ನೊಂದ ಮಗುವಿಗೆ ಚಿಕಿತ್ಸೆ ತಪ್ಪಿಸುವುದು ಕ್ರೌರ್ಯವಲ್ಲವೇ ಎಂದು ಕೇಳಬಹುದು. ಎಲ್ಲರಿಗೂ ಸಾಲುವಷ್ಟು ಚಿಕಿತ್ಸಕರಿದ್ದರೆ ಹೌದು. ಇಲ್ಲದ ಕಡೆ ಸರತಿ ಇದ್ದೇ ಇರುತ್ತದೆ. ಅದನ್ನು ವಶೀಲಿಯ ಬದಲು ಚೀಟಿ ಎತ್ತಿ ನಿರ್ಧರಿಸಿದರೆ ಅನ್ಯಾಯ ಹೆಚ್ಚುವುದಿಲ್ಲ, ತಿಳಿವಳಿಕೆ ಹೆಚ್ಚುತ್ತದೆ. ಜಾಂಬಿಯಾದ ಲುಸಾಕಾದಲ್ಲಿ 257 ಮಕ್ಕಳನ್ನು ಹೀಗೆಯೇ ಎರಡು ಗುಂಪು ಮಾಡಿದ್ದರು. ತರಬೇತಿ ಪಡೆದ ಸಾಮಾನ್ಯ ಜನರಿಂದ ಆಘಾತಕ್ಕೆಂದೇ ರೂಪಿಸಿದ ಚಿಕಿತ್ಸೆ ಪಡೆದವರು, ಎಂದಿನ ನೆರವಷ್ಟೇ ಪಡೆದವರಿಗಿಂತ ಬಹಳ ಚೇತರಿಸಿಕೊಂಡರೆಂದು 2015ರಲ್ಲಿ ವರದಿಯಾಯಿತು. ಮನೋವೈದ್ಯರು ದೂರದ ನಗರದಲ್ಲಷ್ಟೇ ಸಿಗುವ ಹಳ್ಳಿಗಳಿಗೆ ಇದು ಸಣ್ಣ ಸುದ್ದಿಯಲ್ಲ.

ಆದರೂ ಲುಸಾಕಾದ ಫಲವನ್ನು ಬೆಳುಗುಪ್ಪಕ್ಕೆ ಹಾಗೇ ತಂದು ಹಚ್ಚಲಾಗದು. ಇಲ್ಲಿ ಸಾಲಗಾರರು ಮತ್ತೆ ಬಾಗಿಲಿಗೆ ಬರುತ್ತಾರೆ, ತಾಯಿ ಕೂಲಿ ಹುಡುಕಿ ಬೆಂಗಳೂರಿಗೆ ಹೋಗುತ್ತಾಳೆ, ಮಗು ಅಜ್ಜಿಯ ಬಳಿ ಉಳಿಯುತ್ತದೆ. ಚಿಕಿತ್ಸೆ ತನ್ನ ಕೆಲಸ ಮಾಡಿರಬಹುದು, ಮಗು ಮತ್ತೆ ನರಳುತ್ತಲೂ ಇರಬಹುದು. ಎರಡೂ ಒಟ್ಟಿಗೆ ನಿಜವಾಗಿರಬಹುದು. ವರ್ಷ ಕಳೆದ ಮೇಲೆ ಹೊಸಬರೊಬ್ಬರು ಹೋಗಿ, ಅಜ್ಜಿಯನ್ನು ಆಚೆ ಕೂರಿಸಿ, ಮನೆಮಾತಿನಲ್ಲೇ ಮಗುವನ್ನು ಕೇಳಬೇಕು: ರಾತ್ರಿ ನಿದ್ದೆ ಹತ್ತುತ್ತದಾ? ಹೊಲದ ಕಡೆ ಹೋಗುತ್ತೀಯಾ? ಅಪ್ಪನ ಮಾತು ಬಂದರೆ ಏನಾಗುತ್ತದೆ? ಚಿಕಿತ್ಸೆ ಕೊಟ್ಟವರೇ ಕೇಳಿದರೆ, ಅವರು ಬೇಸರಪಟ್ಟಾರೆಂದು ಮಗು ಚೆನ್ನಾಗಿದ್ದೇನೆ ಅಂದುಬಿಡುತ್ತದೆ.